ಬಾರಿಗೆ ಬಂದ ಚರ್ಚಿನ ಆರ್ಗನ್

ಲಾರೆನ್ಸ್ ಹ್ಯಾಮಂಡ್‌ಗೆ ಯಾವ ವಾದ್ಯವೂ ನುಡಿಸಲು ಬರುತ್ತಿರಲಿಲ್ಲ. ಷಿಕಾಗೊದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಎಂಜಿನಿಯರ್ ಆತ. ಗಡಿಯಾರದ ಮೋಟಾರಿನಂಥದೇ ಮೋಟಾರಿನಿಂದ ಹಲ್ಲುಚಕ್ರಗಳನ್ನು ಅಯಸ್ಕಾಂತದ ಮುಂದೆ ತಿರುಗಿಸಿ ಸ್ವರ ಹೊರಡಿಸುವ ಪೆಟ್ಟಿಗೆಯೊಂದನ್ನು ಮಾಡಿದ. 1935ರಲ್ಲಿ ಅದು ಮಾರುಕಟ್ಟೆಗೆ ಬಂತು. ಗೋಡೆಯುದ್ದ ಕೊಳವೆಗಳಿರುವ ಪೈಪ್ ಆರ್ಗನ್ ಕೊಳ್ಳಲು ದುಡ್ಡಿಲ್ಲದ ಸಣ್ಣಪುಟ್ಟ ಚರ್ಚುಗಳೂ ಅದರ ಗಿರಾಕಿಗಳಾದವು. ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಂತೂ ಅದು ಬರಬರುತ್ತಾ ಮನೆಮಗನಂತಾಯಿತು. ಬೋಧಕನ ಮಾತು ಏರಿದಾಗ ತಾನೂ ಏರಿ, ಆತ ಉಸಿರೆಳೆದುಕೊಳ್ಳುವಾಗ ಖಾಲಿ ಜಾಗವನ್ನು ತುಂಬಿ, ಸಭೆ ಎದ್ದು ನಿಲ್ಲುವ ಹೊತ್ತಿಗೆ ನೆಲವನ್ನೇ ನಡುಗಿಸುವ ವಾದ್ಯ.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಪೆಟ್ಟಿಗೆ ಫಿಲಡೆಲ್ಫಿಯಾ, ನೆವಾರ್ಕ್, ಹಾರ್ಲೆಮ್‌ಗಳ ಬಾರುಗಳಲ್ಲೂ ಕೂತಿತ್ತು. ಇದರಲ್ಲಿ ಸಂಬಳದ ಲೆಕ್ಕಾಚಾರವಿತ್ತು. ಹ್ಯಾಮಂಡ್ ಕಲಿತವನು ಎಡಗೈ ಮತ್ತು ಕಾಲುಗಳಲ್ಲೇ ಮಂದ್ರದ ನಡೆಯನ್ನು ಹಿಡಿಯಬಲ್ಲ. ಬಾಸ್ ನುಡಿಸಲು ಇನ್ನೊಬ್ಬ ಬೇಕಿಲ್ಲ. ಒಂದು ಆರ್ಗನ್, ಒಂದು ಡ್ರಮ್ಸ್, ಜೊತೆಗೊಂದು ಗಿಟಾರೋ ಸ್ಯಾಕ್ಸೊಫೋನೋ ಇದ್ದರೆ ಮೂರು ಜನರ ಕೂಲಿಯಲ್ಲಿ ದೊಡ್ಡ ಬ್ಯಾಂಡಿನ ಸದ್ದು. ಫಿಲಡೆಲ್ಫಿಯಾ ಪಕ್ಕದ ನಾರಿಸ್‌ಟೌನ್‌ನ ಜಿಮ್ಮಿ ಸ್ಮಿತ್ ಈ ವಿದ್ಯೆಯನ್ನು ಎಷ್ಟು ಎತ್ತರಕ್ಕೆ ಒಯ್ದನೆಂದರೆ, 1956ರಲ್ಲಿ ಬ್ಲೂ ನೋಟ್ ಕಂಪನಿ ಅವನ ಮೊದಲ ರೆಕಾರ್ಡ್ ತಂದ ಮೇಲೆ ಪೂರ್ವ ತೀರದ ಬಾರು ಮಾಲೀಕರಲ್ಲಿ ಎಷ್ಟೋ ಮಂದಿ ಆರ್ಗನ್ ತಂದಿಡಿಸಿದರು. ಅವನ ಹೆಸರುವಾಸಿ ರೆಕಾರ್ಡ್‌ಗಳಲ್ಲೊಂದರ ಹೆಸರು ‘ದ ಸರ್ಮನ್’. ಧರ್ಮಬೋಧನೆ ಎಂಬ ಹೆಸರಿನ ಇಪ್ಪತ್ತು ನಿಮಿಷದ ಬ್ಲೂಸ್. ಅದನ್ನು ನುಡಿಸಿದವರೆಲ್ಲ ಜಾಝ್‌ನವರು.

ಸೋಲ್ ಸಂಗೀತ ಹುಟ್ಟಿದ ಕಥೆಯನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ: 1954ರಲ್ಲಿ ರೇ ಚಾರ್ಲ್ಸ್ ಒಂದು ಭಕ್ತಿಗೀತೆಯಲ್ಲಿ ಯೇಸುವನ್ನು ತೆಗೆದು ಹೆಣ್ಣನ್ನು ಕೂರಿಸಿದ, ಸೋಲ್ ಹುಟ್ಟಿತು. ಇದು ಸುಳ್ಳಲ್ಲ. ಆದರೆ ಚರ್ಚು ತಾನಾಗಿಯೇ ಎದ್ದು ಬೀದಿಗೆ ಬರಲಿಲ್ಲ. ಅದನ್ನು ಕರೆತಂದ ಕೈಗಳು ಬಹುಪಾಲು ಜಾಝ್ ವಾದಕರವು, ಕರೆತಂದು ಕೂರಿಸಿದ ಜಾಗ ಕಪ್ಪು ಜನರ ಕ್ಲಬ್ಬು, ಬಾರು, ಡಾನ್ಸ್ ಹಾಲ್. ಹಾಡುಗಾರರ ಹೆಸರುಗಳು ಉಳಿದವು. ವಾದಕರ ಮತ್ತು ಬಾರುಗಳ ಪಾಲು ಅಡಿಟಿಪ್ಪಣಿಗೆ ಸರಿಯಿತು. ಅಡಿಟಿಪ್ಪಣಿಯನ್ನೇ ಸ್ವಲ್ಪ ದೊಡ್ಡಕ್ಷರದಲ್ಲಿ ಓದೋಣ.

ಮೊದಲಿಗೆ, ಚರ್ಚಿಗೂ ಬಾರಿಗೂ ನಡುವೆ ಇತ್ತು ಎನ್ನಲಾಗುವ ಆ ಗೋಡೆ. ಅದು ಇದ್ದದ್ದೇನೋ ನಿಜ. ಬ್ಲೂಸ್ ಎಂದರೆ ಸೈತಾನನ ಹಾಡು ಎಂದು ನಂಬಿದ ಮನೆಗಳು ಸಾಕಷ್ಟಿದ್ದವು. ಆದರೆ ಗೋಡೆಯ ಈಚೆಗಿನ ಸಂಗೀತವನ್ನು, ನಾವು ಇಂದು ಗಾಸ್ಪೆಲ್ ಎನ್ನುವುದನ್ನು, ಕಟ್ಟಿದವನೇ ಆಚೆಯಿಂದ ಬಂದವನು. ಜಾರ್ಜಿಯಾದ ಥಾಮಸ್ ಡಾರ್ಸಿ 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಗಾಯಕಿ ಮಾ ರೇನಿಗೆ ಪಿಯಾನೊ ನುಡಿಸುತ್ತಿದ್ದ. 1928ರಲ್ಲಿ ಟ್ಯಾಂಪಾ ರೆಡ್ ಜೊತೆ ಸೇರಿ ಮಾಡಿದ ಪೋಲಿ ಹಾಡೊಂದು ಭರ್ಜರಿಯಾಗಿ ಮಾರಾಟವಾಗಿತ್ತು. 1932ರಲ್ಲಿ ಹೆರಿಗೆಯ ಹೊತ್ತಿನಲ್ಲಿ ಹೆಂಡತಿ ನೆಟ್ಟಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಇಂದಿಗೂ ಕಪ್ಪು ಅಮೆರಿಕನ್ನರ ಶವಸಂಸ್ಕಾರಗಳಲ್ಲಿ ಕೇಳುತ್ತದೆ. ಡಾರ್ಸಿ ಷಿಕಾಗೊದ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುಗಾರರ ತಂಡ ಕಟ್ಟಿ, ಊರೂರು ಸುತ್ತಿ ತನ್ನ ಹಾಡುಗಳ ಹಾಳೆಗಳನ್ನು ಮಾರಿದ. ವಿಷಯ ದೇವರದು, ಕೈಯ ಓಟ ಬ್ಲೂಸಿನದು. ಶಿಷ್ಟ ಚರ್ಚುಗಳು ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದೂ ಉಂಟು.

ಹಾಗಾಗಿ ಮುಂದೆ ಗಾಸ್ಪೆಲ್‌ನಿಂದ ಬಾರಿಗೆ ಏನಾದರೂ ಹೋಯಿತು ಎಂದರೆ, ಕೊಟ್ಟ ಸಾಲ ಬಡ್ಡಿಸಮೇತ ಹಿಂದಿರುಗಿತು ಎಂದೇ ನನಗನ್ನಿಸುತ್ತದೆ.

ಆ ಬಡ್ಡಿ ಸಣ್ಣದಲ್ಲ. ಎರಡು ದಶಕಗಳಲ್ಲಿ ಗಾಸ್ಪೆಲ್ ತನ್ನದೇ ಆದ ಒಂದು ಕಲಾಪವನ್ನು ಬೆಳೆಸಿಕೊಂಡಿತ್ತು. ಒಂದೇ ಅಕ್ಷರವನ್ನು ಹತ್ತಾರು ಸ್ವರಗಳ ಮೇಲೆ ಹರಿದಾಡಿಸುವುದು. ಮುಖ್ಯ ಗಾಯಕ ಒಂದು ಮಾತು ಎಸೆದರೆ ಹಿಮ್ಮೇಳ ಅದನ್ನು ಹಿಡಿದು ವಾಪಸು ಎಸೆಯುವುದು. ನಾಲ್ಕು ಪೆಟ್ಟಿನ ತಾಳದಲ್ಲಿ ಎರಡು ಮತ್ತು ನಾಲ್ಕನೆಯದಕ್ಕೆ ಚಪ್ಪಾಳೆ. ಹಾಡು ಮುಗಿಯಬೇಕಾದ ಜಾಗದಲ್ಲಿ ಮುಗಿಸದೆ, ಒಂದೇ ಸಾಲನ್ನು ಹಿಡಿದು ಸುತ್ತಿ ಸುತ್ತಿ ಕಾವೇರಿಸುವುದು. ಇದಕ್ಕೆ ಅವರು ‘ಡ್ರೈವ್’ ಎನ್ನುತ್ತಿದ್ದರು. ಸೂಟು ತೊಟ್ಟ ನಾಲ್ಕೈದು ಗಂಡಸರ ‘ಕ್ವಾರ್ಟೆಟ್’ ತಂಡಗಳ ನಡುವೆ ಪೈಪೋಟಿ ಏರ್ಪಟ್ಟರೆ, ಆವೇಶದಿಂದ ಬಿದ್ದವರನ್ನು ನೋಡಿಕೊಳ್ಳಲು ಬಿಳಿ ಉಡುಪಿನ ಹೆಂಗಸರು ಸಿದ್ಧರಾಗಿ ನಿಂತಿರುತ್ತಿದ್ದರು. ಯಾರ ಹಾಡಿಗೆ ಹೆಚ್ಚು ಜನ ಬಿದ್ದರು ಎನ್ನುವುದೇ ಗೆಲುವಿನ ಅಳತೆ. ‘ಫೈವ್ ಬ್ಲೈಂಡ್ ಬಾಯ್ಸ್ ಆಫ್ ಮಿಸಿಸಿಪ್ಪಿ’ ತಂಡದ ಆರ್ಚಿ ಬ್ರೌನ್ಲಿಯ ಕಿರುಚನ್ನು ಒಮ್ಮೆ ಕೇಳಿದರೆ, ಆಮೇಲೆ ಬಂದ ಸೋಲ್ ಗಾಯಕರ ಅರ್ಧ ಬಂಡವಾಳ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಆ ಬ್ಲೈಂಡ್ ಬಾಯ್ಸ್‌ನ ರೆಕಾರ್ಡ್‌ಗಳನ್ನು ತಂದ ಕಂಪನಿಯ ಹೆಸರು ಪೀಕಾಕ್. ಗಾಸ್ಪೆಲ್ ಲೋಕದ ಅತಿ ದೊಡ್ಡ ಹೆಸರುಗಳಲ್ಲೊಂದು. ಅದಕ್ಕೆ ಆ ಹೆಸರು ಬಂದದ್ದು ಹ್ಯೂಸ್ಟನ್‌ನಲ್ಲಿದ್ದ ‘ಬ್ರಾಂಜ್ ಪೀಕಾಕ್’ ಎಂಬ ನೈಟ್‌ಕ್ಲಬ್ಬಿನಿಂದ. ಎರಡರ ಮಾಲೀಕನೂ ಒಬ್ಬನೇ, ಡಾನ್ ರೋಬಿ. ಗೋಡೆಯನ್ನು ಕುರಿತು ಪುಟಗಟ್ಟಲೆ ಬರೆಯುವವರು ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕು.

ಇನ್ನು ಬಾರುಗಳ ಕಡೆ ಬರೋಣ. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್, ಫಿಲಡೆಲ್ಫಿಯಾ, ಲಾಸ್ ಏಂಜಲಿಸ್‌ಗಳಿಗೆ ಗುಳೆ ಹೋದರು. ಹೋದಲ್ಲೆಲ್ಲ ಎರಡನ್ನು ಕಟ್ಟಿಕೊಂಡರು: ಚರ್ಚು ಮತ್ತು ವಾರದ ಸಂಬಳದ ದಿನ ಕುಣಿಯುವ ಜಾಗ. ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲವಾದ್ದರಿಂದ, ಕಪ್ಪು ಕಲಾವಿದರು ಸುತ್ತುತ್ತಿದ್ದ ದಾರಿಯೇ ಬೇರೆ. ‘ಚಿಟ್ಲಿನ್ ಸರ್ಕಿಟ್’ ಎಂದು ಅದರ ಹೆಸರು. ಹಂದಿಯ ಕರುಳಿನ ಅಡುಗೆಯ ಹೆಸರನ್ನು ಹೊತ್ತ ಈ ದಾರಿಯಲ್ಲಿ ಹಾರ್ಲೆಮ್‌ನ ಅಪೊಲೊ, ಷಿಕಾಗೊದ ರೀಗಲ್, ವಾಷಿಂಗ್ಟನ್‌ನ ಹೊವರ್ಡ್‌ನಂಥ ದೊಡ್ಡ ಥಿಯೇಟರುಗಳಿದ್ದವು; ನ್ಯೂ ಆರ್ಲಿಯನ್ಸ್‌ನ ಡ್ಯೂ ಡ್ರಾಪ್ ಇನ್, ಅಟ್ಲಾಂಟಾದ ರಾಯಲ್ ಪೀಕಾಕ್‌ನಂಥ ಕ್ಲಬ್ಬುಗಳಿದ್ದವು; ತಗಡಿನ ಗೋದಾಮುಗಳೂ ಇದ್ದವು. ಮಿಸಿಸಿಪ್ಪಿಯ ನ್ಯಾಚಿಸ್‌ನಲ್ಲಿ 1940ರ ಏಪ್ರಿಲ್‌ನಲ್ಲಿ ಅಂಥದೇ ಒಂದು ತಗಡಿನ ಹಾಲ್‌ಗೆ ಬೆಂಕಿ ಬಿದ್ದು 209 ಜನ ಸತ್ತರು. ಷಿಕಾಗೊದಿಂದ ಬಂದು ನುಡಿಸುತ್ತಿದ್ದ ಬ್ಯಾಂಡ್ ನಾಯಕ ವಾಲ್ಟರ್ ಬಾರ್ನ್ಸ್ ಕೂಡ ಅವರಲ್ಲಿದ್ದ.

ಈ ಜಾಗಗಳ ಸಂಗೀತವನ್ನು ರುಚಿ ಮಾತ್ರ ರೂಪಿಸಲಿಲ್ಲ, ತೆರಿಗೆಯೂ ರೂಪಿಸಿತು. ಯುದ್ಧದ ಖರ್ಚಿಗೆಂದು 1944ರಲ್ಲಿ ಅಮೆರಿಕ ಸರ್ಕಾರ ಕುಣಿತ ಇಲ್ಲವೇ ಹಾಡುಗಾರಿಕೆ ಇರುವ ಊಟ-ಕುಡಿತದ ಜಾಗಗಳ ಬಿಲ್ಲಿನ ಮೇಲೆ ಶೇ 30ರಷ್ಟು ‘ಕ್ಯಾಬರೆ ತೆರಿಗೆ’ ಹಾಕಿತು. ಬೇಗನೇ ಅದನ್ನು ಶೇ 20ಕ್ಕೆ ಇಳಿಸಿದರೂ ಯುದ್ಧ ಮುಗಿದ ಎಷ್ಟೋ ವರ್ಷ ಅದು ಉಳಿಯಿತು. ಬರೀ ವಾದ್ಯ ನುಡಿಸಿ, ಜನ ಕುರ್ಚಿ ಬಿಟ್ಟೇಳದಿದ್ದರೆ ತೆರಿಗೆಯಿಲ್ಲ. ಪರಿಣಾಮ ಏನಾಗಬೇಕೋ ಅದೇ ಆಯಿತು. ಕೂತು ಕೇಳುವ ಸಣ್ಣ ಕೋಣೆಗಳಿಗೆ ಜಾಝ್ ಸರಿಯಿತು. ಬಹುವಾದ್ಯಗಳ ಸ್ವಿಂಗ್ ಬ್ಯಾಂಡುಗಳು ಒಂದೊಂದಾಗಿ ಬಾಗಿಲು ಹಾಕಿದವು. ತೆರಿಗೆಯೊಂದೇ ಕಾರಣವಲ್ಲ, ಪ್ರಯಾಣದ ಖರ್ಚು, ಯುದ್ಧ, ಗಾಯಕರ ಹೊಸ ಜನಪ್ರಿಯತೆ ಎಲ್ಲ ಸೇರಿಕೊಂಡವು. ಅಂತೂ, ಸ್ವರಲಿಪಿ ಓದಬಲ್ಲ, ಯಾವ ಶ್ರುತಿಯಲ್ಲಾದರೂ ನುಡಿಸಬಲ್ಲ ನೂರಾರು ವಾದಕರು ಕೆಲಸ ಹುಡುಕಿಕೊಂಡು ನಿಂತರು. ಅವರಿಗೆ ಅನ್ನ ಕೊಟ್ಟದ್ದು ರಿದಮ್ ಅಂಡ್ ಬ್ಲೂಸ್.

ಇಂದು ಸಂತನಂತೆ ಪೂಜಿಸಲ್ಪಡುವ ಜಾನ್ ಕೋಲ್ಟ್ರೇನ್ ಕೂಡ ಹೊಟ್ಟೆಪಾಡಿಗೆ ಈ ಬ್ಯಾಂಡುಗಳಲ್ಲಿ ನುಡಿಸಿದವನೇ. ಫಿಲಡೆಲ್ಫಿಯಾದ ಬಾರುಗಳಲ್ಲಿ ಸ್ಯಾಕ್ಸೊಫೋನ್ ವಾದಕ ಮದ್ಯದ ಕಟ್ಟೆಯ ಮೇಲೆ ಹತ್ತಿ, ಗ್ಲಾಸುಗಳ ನಡುವೆ ಹೆಜ್ಜೆಯಿಡುತ್ತಾ ನುಡಿಸಬೇಕೆಂಬ ರೂಢಿಯಿತ್ತು. ಹಾಗೆ ಕಟ್ಟೆಯ ಮೇಲಿದ್ದಾಗ ಗೆಳೆಯ ಬೆನ್ನಿ ಗೋಲ್ಸನ್ ಬಾಗಿಲಲ್ಲಿ ಕಾಣಿಸಿಕೊಂಡನಂತೆ. ಕೋಲ್ಟ್ರೇನ್ ನಾಚಿ ನೀರಾದನಂತೆ. ಗೋಲ್ಸನ್ ಈ ಕಥೆಯನ್ನು ಮುದುಕನಾಗುವವರೆಗೂ ಹೇಳುತ್ತಿದ್ದ.

ಹಾಡುವವರ ಕಡೆಯಿಂದಲೂ ಇದೇ ಓಡಾಟ. ರೂತ್ ಜೋನ್ಸ್ ಎಂಬ ಹುಡುಗಿ ಷಿಕಾಗೊದಲ್ಲಿ ಸ್ಯಾಲಿ ಮಾರ್ಟಿನ್‌ಳ ಗಾಸ್ಪೆಲ್ ತಂಡದಲ್ಲಿ ಹಾಡಿ ಪಿಯಾನೊ ನುಡಿಸುತ್ತಿದ್ದಳು. ಹದಿಹರೆಯದಲ್ಲೇ ಕ್ಲಬ್ಬಿಗೆ ಬಂದು, 1943ರ ಹೊತ್ತಿಗೆ ಲಯೊನೆಲ್ ಹ್ಯಾಂಪ್ಟನ್‌ನ ಜಾಝ್ ಬ್ಯಾಂಡಿಗೆ ದೀನಾ ವಾಷಿಂಗ್ಟನ್ ಎಂಬ ಹೊಸ ಹೆಸರಿನಲ್ಲಿ ಸೇರಿದಳು. ಸಿಸ್ಟರ್ ರೋಸೆಟಾ ಥಾರ್ಪ್ ಇನ್ನೂ ಮೊದಲೇ, 1938ರಲ್ಲೇ, ಗಿಟಾರ್ ಹಿಡಿದು ಚರ್ಚಿನ ಹಾಡುಗಳನ್ನು ಕಾಟನ್ ಕ್ಲಬ್ಬಿನಲ್ಲಿ ಹಾಡಿ ಭಕ್ತರ ಕೆಂಗಣ್ಣಿಗೆ ಗುರಿಯಾದಳು. ಮಹಾಲಿಯಾ ಜಾಕ್ಸನ್ ಮಾತ್ರ ಎಷ್ಟು ದುಡ್ಡು ತೋರಿಸಿದರೂ ಬಾರಿನ ಮೆಟ್ಟಿಲು ಹತ್ತಲಿಲ್ಲ. ಅವಳ ಹಟವನ್ನು ಗೌರವಿಸಲೇಬೇಕು. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಬೆಸ್ಸಿ ಸ್ಮಿತ್‌ಳ ರೆಕಾರ್ಡ್ ಕೇಳುತ್ತಾ ಬೆಳೆದ ಆ ದನಿಯಲ್ಲಿ ಬ್ಲೂಸ್ ಇಲ್ಲ ಎಂದು ಯಾರೂ ಹೇಳಲಾರರು.

1950ರ ದಶಕದ ನಡುವೆ ಜಾಝ್‌ನೊಳಗೇ ಒಂದು ತಿರುವು ಬಂತು. ಆಗ ಪತ್ರಿಕೆಗಳ ಮೆಚ್ಚುಗೆಯೆಲ್ಲ ಕ್ಯಾಲಿಫೋರ್ನಿಯಾದ ‘ಕೂಲ್’ ಜಾಝ್‌ಗೆ, ಅದರ ಮುಂಚೂಣಿಯ ಬಿಳಿಯ ಕಲಾವಿದರಿಗೆ ಸಲ್ಲುತ್ತಿತ್ತು. ತಣ್ಣನೆಯ, ಅಳತೆಯ, ಪಾಶ್ಚಾತ್ಯ ಶಾಸ್ತ್ರೀಯದ ನೆರಳಿನ ಸಂಗೀತ. ನ್ಯೂಯಾರ್ಕಿನ ಕಪ್ಪು ವಾದಕರು ಇದಕ್ಕೆ ಲೇಖನ ಬರೆದು ಉತ್ತರಿಸಲಿಲ್ಲ. ತಮ್ಮ ಬಾಲ್ಯದ ಭಾನುವಾರಗಳನ್ನು ಎತ್ತಿಕೊಂಡರು. 1955ರ ಫೆಬ್ರುವರಿಯಲ್ಲಿ ಹೊರೇಸ್ ಸಿಲ್ವರ್ ‘ದ ಪ್ರೀಚರ್’ ರೆಕಾರ್ಡ್ ಮಾಡಿದ. ಬ್ಲೂ ನೋಟ್‌ನ ಆಲ್‌ಫ್ರೆಡ್ ಲಯನ್‌ಗೆ ಅದು ಹಳೇ ಕಾಲದ್ದಾಗಿ ಕಂಡಿತು, ಬೇಡವೆಂದ. ಸಿಲ್ವರ್ ಪಟ್ಟು ಬಿಡಲಿಲ್ಲ. ಅದೇ ಹಾಡು ಕಂಪನಿಗೆ ದುಡ್ಡು ತಂದಿತು. 1958ರಲ್ಲಿ ಆರ್ಟ್ ಬ್ಲೇಕಿಯ ತಂಡ ‘ಮೋನಿನ್’ ನುಡಿಸಿತು. ಬಾಬಿ ಟಿಮನ್ಸ್ ಎಂಬ ಪಿಯಾನೊ ವಾದಕನ ರಚನೆ ಅದು. ಪಿಯಾನೊ ಒಂದು ವಾಕ್ಯ ಹೇಳುತ್ತದೆ, ಉಳಿದ ವಾದ್ಯಗಳು ಎರಡೇ ಸ್ವರದಲ್ಲಿ ಸಭೆಯ ‘ಆಮೆನ್’ನಂತೆ ಉತ್ತರಿಸುತ್ತವೆ. 1959ರಲ್ಲಿ ಚಾರ್ಲ್ಸ್ ಮಿಂಗಸ್ ತನ್ನ ಬಾಲ್ಯದ ಪ್ರಾರ್ಥನಾ ಸಭೆಗಳ ಗದ್ದಲವನ್ನೇ, ಕೂಗು-ಚಪ್ಪಾಳೆ ಸಮೇತ, ‘ವೆಡ್ನೆಸ್‌ಡೇ ನೈಟ್ ಪ್ರೇಯರ್ ಮೀಟಿಂಗ್’ನಲ್ಲಿ ತಂದಿಟ್ಟ. ಆ ಸಾಲಿನಲ್ಲಿ ಇದರಷ್ಟು ಒರಟಾದದ್ದು, ಇದರಷ್ಟು ನಿಜವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾನನ್‌ಬಾಲ್ ಆಡರ್ಲಿಯ ಐವರ ತಂಡ ಸ್ಯಾನ್ ಫ್ರಾನ್ಸಿಸ್ಕೊದ ‘ಜಾಝ್ ವರ್ಕ್‌ಶಾಪ್’ ಎಂಬ ಕ್ಲಬ್ಬಿನಲ್ಲಿ ಕಾರ್ಯಕ್ರಮ ಕೊಟ್ಟಿತು. ರಿವರ್‌ಸೈಡ್ ಕಂಪನಿ ಅಲ್ಲಿಯೇ ಅದನ್ನು ರೆಕಾರ್ಡ್ ಮಾಡಿ ಬಿಡುಗಡೆ ಮಾಡಿತು. ಟಿಮನ್ಸ್‌ನದೇ ಇನ್ನೊಂದು ಹಾಡು ‘ದಿಸ್ ಹಿಯರ್’ ಅದರಲ್ಲಿತ್ತು. ಹಾಡಿನ ಮೊದಲು ಆಡರ್ಲಿ, ಶಾಲಾ ಮಾಸ್ತರನಾಗಿ ಕೆಲಸ ಮಾಡಿದವನಿಗೆ ತಕ್ಕ ಮಾತುಗಾರಿಕೆಯಲ್ಲಿ, ಇದರಲ್ಲಿ ಚರ್ಚಿದೆ ಎಂದು ಕೇಳುಗರಿಗೆ ನಗುನಗುತ್ತಾ ವಿವರಿಸುತ್ತಾನೆ. ರೆಕಾರ್ಡ್ ಬಿಸಿ ದೋಸೆಯಂತೆ ಖರ್ಚಾಯಿತು. ‘ಸೋಲ್ ಜಾಝ್’ ಎಂಬ ಹಣೆಪಟ್ಟಿ ಅಂಟಿತು. ಗಾಯಕರಿಗೆ ಸೋಲ್ ಗಾಯಕರು ಎಂಬ ಹೆಸರು ಗಟ್ಟಿಯಾಗುವ ಮೊದಲೇ ಆ ಪದ ಜಾಝ್ ರೆಕಾರ್ಡ್‌ಗಳ ಹೊದಿಕೆಯ ಮೇಲೆ ಮಿಂಚುತ್ತಿತ್ತು. ರೇ ಚಾರ್ಲ್ಸ್ ಮತ್ತು ವೈಬ್ರಾಫೋನ್ ವಾದಕ ಮಿಲ್ಟ್ ಜಾಕ್ಸನ್ ಸೇರಿ ಮಾಡಿದ ‘ಸೋಲ್ ಬ್ರದರ್ಸ್’ 1958ರದು. ಅದರಲ್ಲಿ ಒಂದೇ ಒಂದು ಹಾಡುವ ಸಾಲಿಲ್ಲ, ಎಲ್ಲವೂ ವಾದ್ಯ. ಆಮೇಲಾಮೇಲೆ ಇದೂ ಒಂದು ಸಿದ್ಧಮಾದರಿಯಾಯಿತು. ಪ್ರತಿ ರೆಕಾರ್ಡ್‌ಗೂ ಒಂದು ಪ್ರಾರ್ಥನೆಯ ಹೆಸರು ಇಲ್ಲವೇ ಒಂದು ಅಡುಗೆಯ ಹೆಸರು. ಕೇಳಿ ಕೇಳಿ ಕಿವಿ ಮರಗಟ್ಟುವಷ್ಟು.

ಈಗ ರೇ ಚಾರ್ಲ್ಸ್. ಅವನನ್ನು ಚರ್ಚಿನ ಹುಡುಗ ಎನ್ನುವುದು ರೂಢಿ. ಚರ್ಚು ಇತ್ತು, ನಿಜ. ಆದರೆ ಅವನ ಕಸುಬು ಜಾಝ್. 1930ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ಹುಟ್ಟಿ, ಏಳರ ಹೊತ್ತಿಗೆ ಕಣ್ಣು ಕಳೆದುಕೊಂಡು, ಫ್ಲಾರಿಡಾದ ಸೇಂಟ್ ಆಗಸ್ಟಿನ್‌ನ ಅಂಧರ ಶಾಲೆಯಲ್ಲಿ ಬ್ರೈಲ್ ಸ್ವರಲಿಪಿ ಕಲಿತವನು. ಹದಿನೈದರೊಳಗೆ ತಾಯಿ ತೀರಿಕೊಂಡಳು. 1948ರಲ್ಲಿ ನಕ್ಷೆಯಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟು ದೂರಕ್ಕೆಂದು ಸಿಯಾಟಲ್‌ಗೆ ಬಸ್ಸು ಹಿಡಿದ. ಅಲ್ಲಿನ ಜಾಕ್ಸನ್ ಸ್ಟ್ರೀಟಿನ ಕ್ಲಬ್ಬುಗಳಲ್ಲಿ ನ್ಯಾಟ್ ಕಿಂಗ್ ಕೋಲ್‌ನನ್ನೂ ಚಾರ್ಲ್ಸ್ ಬ್ರೌನ್‌ನನ್ನೂ ಎಷ್ಟು ಅಚ್ಚುಕಟ್ಟಾಗಿ ಅನುಕರಿಸುತ್ತಿದ್ದನೆಂದರೆ, ಅವನದೇ ದನಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಗೆಳೆಯನಾದ, ಇವನಿಗಿಂತ ಚಿಕ್ಕವನಾದ ಕ್ವಿನ್ಸಿ ಜೋನ್ಸ್‌ಗೆ ವಾದ್ಯವೃಂದಕ್ಕೆ ಬರೆಯುವುದು ಹೇಗೆಂದು ಹೇಳಿಕೊಟ್ಟ.

1954ರಲ್ಲಿ ಅವನು ಸ್ವಂತ ಬ್ಯಾಂಡ್ ಕಟ್ಟಿದ್ದ. ಸುತ್ತಾಟದ ದಾರಿಯಲ್ಲಿ ಕಾರಿನ ರೇಡಿಯೊದಲ್ಲಿ ‘ಸದರ್ನ್ ಟೋನ್ಸ್’ ಎಂಬ ಗಾಸ್ಪೆಲ್ ತಂಡದ ಹಾಡು ಕೇಳಿಸಿತು. ಅದರ ಮಟ್ಟಿಗೆ ಬೇರೆ ಮಾತು ಕೂಡಿಸಿ ಹಾಡುತ್ತಾ ಹೋದಾಗ, ಬ್ಯಾಂಡಿನ ಟ್ರಂಪೆಟ್ ವಾದಕ ರೆನಾಲ್ಡ್ ರಿಚರ್ಡ್ ಉಳಿದ ಸಾಲುಗಳನ್ನು ಬರೆದು ತಂದ. ಮಟ್ಟನ್ನು ಎರವಲು ಪಡೆಯುವುದು ನಮಗೇನೂ ಹೊಸದಲ್ಲ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೇ ‘ಇಂಥ ಹಾಡಿನ ಮಟ್ಟು’ ಎಂದು ರಾಜಾರೋಷವಾಗಿ ಅಚ್ಚು ಹಾಕುತ್ತಿದ್ದರು. ಚಾರ್ಲ್ಸ್ ಮಾಡಿದ್ದು ಹೆಚ್ಚು ಅಪಾಯದ ಕೆಲಸ. ಅವನ ಜನರಿಗೆ ಆ ಮಟ್ಟು ಎಲ್ಲಿಯದೆಂದು ಕೇಳಿದ ಕೂಡಲೇ ತಿಳಿಯುತ್ತಿತ್ತು.

ನವೆಂಬರ್‌ನಲ್ಲಿ ಅಟ್ಲಾಂಟಿಕ್ ಕಂಪನಿಯ ಆಮೆಟ್ ಎರ್ಟೆಗನ್ ಮತ್ತು ಜೆರ್ರಿ ವೆಕ್ಸ್‌ಲರ್‌ನನ್ನು ಅವನು ಅಟ್ಲಾಂಟಾಗೆ ಕರೆಸಿಕೊಂಡ. ಹಗಲು ಹೊತ್ತಿನಲ್ಲಿ ಖಾಲಿಯಿದ್ದ ರಾಯಲ್ ಪೀಕಾಕ್ ಕ್ಲಬ್ಬಿಗೆ ಅವರು ಕಾಲಿಟ್ಟಾಗ ಬ್ಯಾಂಡು ಸಿದ್ಧವಾಗಿ ನಿಂತಿತ್ತು. ‘ಐ ಗಾಟ್ ಎ ವುಮನ್’ ಅಲ್ಲಿಯೇ ಪೂರ್ತಿಯಾಗಿ ಕೇಳಿಸಿತು. ಆಮೇಲೆ ಒಂದು ರೇಡಿಯೊ ಕೇಂದ್ರದ ಸ್ಟುಡಿಯೊ ಹಿಡಿದು ಅದನ್ನು ರೆಕಾರ್ಡ್ ಮಾಡಿಕೊಂಡರು. ನಿರ್ಮಾಪಕರಿಗೆ ಉಳಿದಿದ್ದ ಕೆಲಸ ಯಂತ್ರ ಚಾಲೂ ಮಾಡುವುದಷ್ಟೇ. ಕ್ಲಬ್ಬಿನಿಂದ ಕ್ಲಬ್ಬಿಗೆ ಸುತ್ತುತ್ತಲೇ ಹಾಡು ಪಕ್ವವಾಗಿತ್ತು. 1955ರಲ್ಲಿ ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಸಿಟ್ಟಾದವರಲ್ಲಿ ಪಾಸ್ಟರುಗಳಷ್ಟೇ ಅಲ್ಲ, ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂನ್‌ಜಿಯೂ ಇದ್ದ. ದನಿ ಒಳ್ಳೆಯದಿದೆ, ಆದರೆ ಅದು ಚರ್ಚಿನ ದನಿ, ಎರಡನ್ನೂ ಕಲಸುವುದು ತಪ್ಪು ಎಂಬುದು ಅವನ ವಾದ.

ನಾಲ್ಕು ವರ್ಷದ ನಂತರದ ‘ವಾಟ್‌ಡ್ ಐ ಸೇ’ ಕಥೆ ಇನ್ನೂ ಸ್ಪಷ್ಟ. ಊರೂರಿನ ಕ್ಲಬ್ಬುಗಳ ಶ್ರುತಿಗೆಟ್ಟ ಪಿಯಾನೊಗಳನ್ನು ನಂಬದೆ ಚಾರ್ಲ್ಸ್ ತನ್ನದೇ ಒಂದು ವುರ್ಲಿಟ್ಜರ್ ವಿದ್ಯುತ್ ಪಿಯಾನೊ ಹೊತ್ತು ತಿರುಗುತ್ತಿದ್ದ. ಗಂಭೀರ ವಾದಕರಿಗೆ ಅದೊಂದು ಆಟದ ಸಾಮಾನು, ನಗೆಪಾಟಲು. 1958ರ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್‌ನಲ್ಲಿ ನಡುರಾತ್ರಿಯ ಡಾನ್ಸ್ ನಡೆದಿತ್ತು. ಗೊತ್ತಿದ್ದ ಹಾಡುಗಳೆಲ್ಲ ಮುಗಿದು ಇನ್ನೂ ಹತ್ತು-ಹನ್ನೆರಡು ನಿಮಿಷ ಉಳಿದಿತ್ತು. ನಾನು ಏನೋ ನುಡಿಸುತ್ತೇನೆ, ಹಿಂದೆ ಬನ್ನಿ ಎಂದು ಬ್ಯಾಂಡಿಗೂ ಹಿಮ್ಮೇಳದ ‘ರೇಲೆಟ್ಸ್’ ಹುಡುಗಿಯರಿಗೂ ಹೇಳಿ ಎಡಗೈಯಲ್ಲಿ ಒಂದು ಲ್ಯಾಟಿನ್ ಲಯದ ಸುತ್ತು ಶುರುಮಾಡಿದ. ನಡುವೆ ನಿಂತು, ಬರೀ ಉದ್ಗಾರಗಳಲ್ಲಿ ಹುಡುಗಿಯರೊಂದಿಗೆ ಸವಾಲ್-ಜವಾಬ್ ನಡೆಸಿದ. ಸಭೆಯಲ್ಲಿ ಪವಿತ್ರಾತ್ಮನಿಗಾಗಿ ಹೊರಡುವ ಅದೇ ಮುಲುಕು ಇಲ್ಲಿ ಯಾವುದಕ್ಕೆಂದು ಯಾರಿಗೂ ವಿವರಿಸಬೇಕಿರಲಿಲ್ಲ. ಡಾನ್ಸ್ ಮುಗಿದ ಮೇಲೆ ಜನ ಬಂದು ಈ ರೆಕಾರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. 1959ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಟ್ಲಾಂಟಿಕ್‌ನ ಎಂಜಿನಿಯರ್ ಟಾಮ್ ಡೌಡ್ ಅದನ್ನು ಎಂಟು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದು, ಆರೂವರೆ ನಿಮಿಷವನ್ನು ಎರಡು ಭಾಗ ಮಾಡಿ ತಟ್ಟೆಯ ಎರಡು ಮಗ್ಗುಲಿಗೆ ಹಾಕಿದ. ಹಲವು ರೇಡಿಯೊ ಕೇಂದ್ರಗಳು ನಿಷೇಧಿಸಿದವು. ಮಾರಾಟಕ್ಕೇನೂ ಅದರಿಂದ ತೊಂದರೆಯಾಗಲಿಲ್ಲ.

ಸ್ಯಾಮ್ ಕುಕ್‌ನದು ಇನ್ನೊಂದು ಬಗೆ. ಬೋಧಕನ ಮಗ, ಷಿಕಾಗೊದಲ್ಲಿ ಬೆಳೆದವನು, ಇಪ್ಪತ್ತು ತುಂಬುವ ಹೊತ್ತಿಗೇ ‘ಸೋಲ್ ಸ್ಟಿರರ್ಸ್’ ಗಾಸ್ಪೆಲ್ ತಂಡದ ಮುಖ್ಯ ಗಾಯಕ. 1956ರಲ್ಲಿ ತನ್ನದೇ ಭಕ್ತಿಗೀತೆಯೊಂದನ್ನು ಪ್ರೇಮಗೀತೆಯಾಗಿ ತಿರುಗಿಸಿ ‘ಡೇಲ್ ಕುಕ್’ ಎಂಬ ಸುಳ್ಳು ಹೆಸರಿನಲ್ಲಿ ಹಾಡಿದ. ದನಿಯನ್ನು ಮುಚ್ಚಿಡುವ ಹೆಸರು ಯಾವುದಿದೆ? ಎಲ್ಲರಿಗೂ ಗೊತ್ತಾಯಿತು. ಮರುವರ್ಷ ಸ್ವಂತ ಹೆಸರಿನಲ್ಲೇ ಬಂದ ‘ಯೂ ಸೆಂಡ್ ಮಿ’ ದೇಶದ ನಂಬರ್ ಒನ್ ಆಯಿತು. ಆದರೆ ಸೋಲ್ ಸಂಗೀತಕ್ಕೆ ಕ್ಲಬ್ಬು ಎಂದರೇನು ಎಂಬುದನ್ನು ತಿಳಿಯಲು ಅವನ ಎರಡು ಲೈವ್ ರೆಕಾರ್ಡ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳಬೇಕು. ಒಂದು 1964ರದು, ನ್ಯೂಯಾರ್ಕಿನ ಕೋಪಕಬಾನಾದ್ದು. ಬಿಳಿಯ ಶ್ರೀಮಂತರ ಊಟದ ಮೇಜುಗಳ ಮುಂದೆ, ಇಸ್ತ್ರಿ ಹಾಕಿದ ದನಿ. ಇನ್ನೊಂದು 1963ರ ಜನವರಿ 12ರದು, ಮಿಯಾಮಿಯ ಕಪ್ಪು ಬಡಾವಣೆ ಓವರ್‌ಟೌನ್‌ನ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನದು. ಅಲ್ಲಿ ಅವನ ಗಂಟಲು ಹರಿಯುತ್ತದೆ, ಕಿಂಗ್ ಕರ್ಟಿಸ್‌ನ ಸ್ಯಾಕ್ಸೊಫೋನ್ ಬೊಬ್ಬಿಡುತ್ತದೆ, ಜನ ಸಾಲುಗಳನ್ನು ಅವನ ಬಾಯಿಂದ ಕಿತ್ತುಕೊಂಡು ತಾವೇ ಹಾಡುತ್ತಾರೆ. ಆರ್‌ಸಿಎ ಕಂಪನಿ ಮೊದಲನೆಯದನ್ನು ಕೂಡಲೇ ಬಿಡುಗಡೆ ಮಾಡಿತು. ಎರಡನೆಯದು ತೀರ ಒರಟೆಂದು ಕಪಾಟಿನಲ್ಲಿಟ್ಟಿತು. ಕುಕ್ 1964ರ ಡಿಸೆಂಬರ್‌ನಲ್ಲಿ ಗುಂಡೇಟಿಗೆ ಸತ್ತ. ಹಾರ್ಲೆಮ್ ಸ್ಕ್ವೇರಿನ ಆ ರಾತ್ರಿ ಲೋಕಕ್ಕೆ ಕೇಳಿಸಿದ್ದು 1985ರಲ್ಲಿ.

ಜೇಮ್ಸ್ ಬ್ರೌನ್‌ಗೆ ತನ್ನ ಕಂಪನಿಯ ಮೇಲೆ ಭರವಸೆ ಮೊದಲೇ ಇರಲಿಲ್ಲ. ಅಪೊಲೊ ಥಿಯೇಟರಿನ ಕಾರ್ಯಕ್ರಮವನ್ನು ರೆಕಾರ್ಡ್ ಮಾಡೋಣ ಎಂದರೆ ಕಿಂಗ್ ರೆಕಾರ್ಡ್ಸ್‌ನ ಸಿಡ್ ನೇಥನ್ ದುಡ್ಡು ಬಿಚ್ಚಲಿಲ್ಲ. 1962ರ ಅಕ್ಟೋಬರ್ 24ರಂದು ಬ್ರೌನ್ ತನ್ನ ಕೈಯಿಂದಲೇ ಖರ್ಚು ಮಾಡಿ ಮಾಡಿಸಿದ. ಅದರಲ್ಲಿ ಹತ್ತು ನಿಮಿಷ ಮೀರಿದ ಒಂದು ಹಾಡಿದೆ. ಒಂದೇ ಬೇಡಿಕೆಯ ಸುತ್ತ ಅವನು ತಿರುಗುತ್ತಾನೆ, ಹೆಂಗಸರು ಚೀರುತ್ತಾರೆ, ಅವನು ಅವರನ್ನು ಮತ್ತೆ ಕೆಣಕುತ್ತಾನೆ. ಕ್ವಾರ್ಟೆಟ್ ತಂಡಗಳ ‘ಡ್ರೈವ್’ ಇಲ್ಲಿ ಇಡಿಯಾಗಿ ಹಾಜರಿದೆ, ದೇವರೊಬ್ಬನನ್ನು ಬಿಟ್ಟು. ಆ ರೆಕಾರ್ಡ್ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ ಎರಡನೇ ಸ್ಥಾನ ತಲುಪಿತು.

ಡೆಟ್ರಾಯಿಟ್‌ನ ಬೆರ್ರಿ ಗಾರ್ಡಿಯ ಮೊದಲ ದಂಧೆ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಅಲ್ಲ, ಜಾಝ್ ರೆಕಾರ್ಡ್‌ಗಳ ಅಂಗಡಿ. 1953ರಲ್ಲಿ ತೆರೆದ. ಅಂಗಡಿಗೆ ಬಂದ ಕಾರು ಕಾರ್ಖಾನೆಯ ಕೆಲಸಗಾರರು ಬ್ಲೂಸ್ ಕೇಳುತ್ತಿದ್ದರು. ಇವನು ಅವರಿಗೆ ಚಾರ್ಲಿ ಪಾರ್ಕರ್‌ನ ಮಹಿಮೆ ಬೋಧಿಸುತ್ತಿದ್ದ. 1955ರಲ್ಲಿ ಅಂಗಡಿ ಮುಚ್ಚಿತು. ಅವನ ಅಕ್ಕಂದಿರಾದ ಗ್ವೆನ್ ಮತ್ತು ಆ್ಯನಾ ‘ಫ್ಲೇಮ್ ಷೋ ಬಾರ್’ ಎಂಬ ಕ್ಲಬ್ಬಿನಲ್ಲಿ ಗಿರಾಕಿಗಳ ಫೋಟೊ ತೆಗೆಯುವ ಗುತ್ತಿಗೆ ಹಿಡಿದಿದ್ದರು. ಅಲ್ಲಿ ಬೆಳೆದ ಪರಿಚಯಗಳಿಂದಲೇ ಗಾರ್ಡಿ ಗಾಯಕ ಜಾಕಿ ವಿಲ್ಸನ್‌ಗೆ ಹಾಡು ಬರೆಯುವಂತಾದ. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಸ್ವಂತ ಕಂಪನಿ ತೆರೆದಾಗ, ವಾದಕರನ್ನು ಎಲ್ಲಿ ಹುಡುಕಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಊರಿನ ಜಾಝ್ ಕ್ಲಬ್ಬುಗಳಲ್ಲಿ. ಜೇಮ್ಸ್ ಜೇಮರ್‌ಸನ್, ಬೆನ್ನಿ ಬೆಂಜಮಿನ್, ಅರ್ಲ್ ವ್ಯಾನ್ ಡೈಕ್ ಮುಂತಾದ ‘ಫಂಕ್ ಬ್ರದರ್ಸ್’ ಹಗಲು ಗಾರ್ಡಿಯ ಸ್ಟುಡಿಯೊದಲ್ಲಿ ಮೂರು ನಿಮಿಷದ ಹಾಡುಗಳನ್ನು ನುಡಿಸಿ, ರಾತ್ರಿ ಕ್ಲಬ್ಬಿಗೆ ಹೋಗಿ ತಮಗೆ ಬೇಕಾದ್ದನ್ನು ನುಡಿಸುತ್ತಿದ್ದರು. ಜೇಮರ್‌ಸನ್‌ನ ಬಾಸ್ ಮಾತ್ರ ಹಾಡಿನ ಕೆಳಗೆ ಸುಮ್ಮನೆ ಕೂರದೆ ತನ್ನದೇ ದಾರಿ ಹಿಡಿದು ತಿರುಗಾಡಿ ಮನೆಗೆ ಬರುತ್ತದಲ್ಲ, ಅದು ಕಲಿತದ್ದು ರಾತ್ರಿಯ ಪಾಠಶಾಲೆಯಲ್ಲಿ. ವರ್ಷಗಟ್ಟಲೆ ರೆಕಾರ್ಡ್‌ಗಳ ಹೊದಿಕೆಯ ಮೇಲೆ ಇವರ ಹೆಸರೇ ಇರಲಿಲ್ಲ.

ಅದೇ ಊರಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಸಿ. ಎಲ್. ಫ್ರಾಂಕ್ಲಿನ್‌ನ ಬೋಧನೆಗಳು ರೆಕಾರ್ಡ್ ಆಗಿ ಲಕ್ಷಗಟ್ಟಲೆ ಮನೆಗಳನ್ನು ಸೇರಿದ್ದವು. ಅವನ ಮನೆಗೆ ಗಾಸ್ಪೆಲ್ ಗಾಯಕಿ ಕ್ಲಾರಾ ವಾರ್ಡ್ ಬರುತ್ತಿದ್ದಳು, ದೀನಾ ವಾಷಿಂಗ್ಟನ್ ಬರುತ್ತಿದ್ದಳು, ಜಾಝ್ ಪಿಯಾನೊದ ಆರ್ಟ್ ಟೇಟಮ್ ಕೂಡ ಬರುತ್ತಿದ್ದ. ಅಂಥ ಮನೆಯ ಮಗಳು ಅರೀಥಾ ಹದಿನೆಂಟಕ್ಕೆ ಕೊಲಂಬಿಯಾ ಕಂಪನಿ ಸೇರಿದಳು. 1961ರಲ್ಲಿ ಬಂದ ಮೊದಲ ಆಲ್ಬಂನಲ್ಲಿ ಜೊತೆಗಿದ್ದದ್ದು ರೇ ಬ್ರಯಂಟ್‌ನ ಜಾಝ್ ತಂಡ. ಆರು ವರ್ಷ ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳಲ್ಲಿ ಹಾಡಿದಳು. ದೀನಾ ತೀರಿಕೊಂಡ ಮೇಲೆ 1964ರಲ್ಲಿ ಅವಳ ಹಾಡುಗಳದೇ ಒಂದು ಆಲ್ಬಂ ಮಾಡಿದಳು. ಈ ಆರು ವರ್ಷ ವ್ಯರ್ಥವಾದವು, 1967ರಲ್ಲಿ ಅಟ್ಲಾಂಟಿಕ್‌ಗೆ ಬಂದು ಪಿಯಾನೊ ಮುಂದೆ ಕೂತಾಗಲೇ ಅರೀಥಾ ಹುಟ್ಟಿದಳು ಎನ್ನುವುದು ಪ್ರಚಲಿತ ತೀರ್ಪು. ನನಗೆ ಒಪ್ಪಿಗೆಯಿಲ್ಲ. ತಾಳದ ಹಿಂದೆ ಬಿದ್ದಂತೆ ಮಾಡಿ ಸಾಲಿನ ಕೊನೆಗೆ ಸರಿಯಾಗಿ ಬಂದು ಸೇರುವ ಆ ಧೈರ್ಯ, ಕಿರುಚುವ ಮುನ್ನ ಪಿಸುಗುಟ್ಟುವ ಆ ಸಂಯಮ ಚರ್ಚಿನಿಂದಷ್ಟೇ ಬರುವುದಿಲ್ಲ. ನಿಶ್ಶಬ್ದವನ್ನು ಹೇಗೆ ಬಳಸಬೇಕೆಂದು ಜಾಝ್ ಅವಳಿಗೆ ಹೇಳಿಕೊಟ್ಟಿತ್ತು.

ಚರ್ಚಿನವರ ಸಿಟ್ಟಿಗೂ ಕಾರಣವಿತ್ತು ಎಂಬುದನ್ನು ಮರೆಯಬಾರದು. 1963ರಲ್ಲಿ ನ್ಯೂಯಾರ್ಕಿನಲ್ಲಿ ‘ಸ್ವೀಟ್ ಚಾರಿಯಟ್’ ಎಂಬ ಕ್ಲಬ್ಬು ತೆರೆಯಿತು. ಅಲ್ಲಿ ಮಾತುಗಳನ್ನೂ ಬದಲಿಸದೆ ನೇರವಾಗಿ ಗಾಸ್ಪೆಲ್ ಹಾಡಿಸುತ್ತಿದ್ದರು. ದೇವತೆಗಳಂತೆ ರೆಕ್ಕೆ ಕಟ್ಟಿಕೊಂಡ ಹುಡುಗಿಯರು ಪಾನೀಯ ಸರಬರಾಜು ಮಾಡುತ್ತಿದ್ದರು. ಮಹಾಲಿಯಾ ಜಾಕ್ಸನ್ ಕಿಡಿಕಾರಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಗೀಳು ಬಹುಕಾಲ ಬಾಳಲಿಲ್ಲ. ಮಟ್ಟನ್ನು ಎರವಲು ಪಡೆದು ಹೊಸದೊಂದನ್ನು ಕಟ್ಟುವುದು ಬೇರೆ, ದೇವರ ಮನೆಯ ದೀಪವನ್ನೇ ತಂದು ಬಾರಿಗೆ ಅಲಂಕಾರ ಮಾಡುವುದು ಬೇರೆ. ಗಿರಾಕಿಗಳಿಗೂ ಆ ವ್ಯತ್ಯಾಸ ಗೊತ್ತಿತ್ತು ಎಂದು ಕಾಣುತ್ತದೆ.

ಬಿಲ್‌ಬೋರ್ಡ್ ತನ್ನ ರಿದಮ್ ಅಂಡ್ ಬ್ಲೂಸ್ ಪಟ್ಟಿಗೆ ‘ಸೋಲ್’ ಎಂದು ಹೊಸ ಹೆಸರಿಟ್ಟದ್ದು 1969ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಕ್ಲಬ್ಬಿನ ವಾತಾವರಣವೇ ಮಾರಾಟದ ಸರಕಾಗಿತ್ತು. ಕ್ಯಾನನ್‌ಬಾಲ್ ಆಡರ್ಲಿಯ ‘ಮರ್ಸಿ, ಮರ್ಸಿ, ಮರ್ಸಿ’ ಆಲ್ಬಂನ ಹೊದಿಕೆ ನೋಡಿದರೆ, ಅದು ಷಿಕಾಗೊದ ‘ದ ಕ್ಲಬ್’ ಎಂಬಲ್ಲಿ ಜನರೆದುರು ನುಡಿಸಿದ್ದು ಎಂದಿದೆ. ವಾಸ್ತವದಲ್ಲಿ 1966ರ ಅಕ್ಟೋಬರ್‌ನಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೊದೊಳಗೆ ಕುರ್ಚಿ ಹಾಕಿಸಿ, ಪರಿಚಯದವರನ್ನು ಕರೆಸಿ, ಪುಕ್ಕಟೆ ಮದ್ಯದ ಮೇಜು ಇಡಿಸಿ ರೆಕಾರ್ಡ್ ಮಾಡಿದ್ದರು. ಷಿಕಾಗೊದ ಆ ಕ್ಲಬ್ಬಿನ ಮ್ಯಾನೇಜರ್ ಆಡರ್ಲಿಯ ಸ್ನೇಹಿತ. ಅವನಿಗೊಂದಿಷ್ಟು ಪ್ರಚಾರ ಸಿಗಲಿ ಎಂದು ಆ ಹೆಸರು ಹಾಕಿದ್ದು. ಶೀರ್ಷಿಕೆಯ ಹಾಡನ್ನು ಕಟ್ಟಿದವನು ವಿಯೆನ್ನಾದಲ್ಲಿ ಹುಟ್ಟಿದ ಜೋ ಜಾವಿನುಲ್. ಹಿಂದೆ ದೀನಾ ವಾಷಿಂಗ್ಟನ್‌ಗೆ ಪಿಯಾನೊ ನುಡಿಸಿದ್ದವನು. ಇಲ್ಲಿ ಅವನ ಕೈಯಲ್ಲಿದ್ದದ್ದು ರೇ ಚಾರ್ಲ್ಸ್ ಹೊತ್ತು ತಿರುಗಿದಂಥದೇ ಒಂದು ವುರ್ಲಿಟ್ಜರ್. 1967ರಲ್ಲಿ ಅದು ದೇಶದ ಪಾಪ್ ಪಟ್ಟಿಯಲ್ಲಿ 11ನೇ ಸ್ಥಾನಕ್ಕೇರಿತು. ಹಾಡು ಪ್ರತಿ ಸಲ ತುದಿ ಮುಟ್ಟಿದಾಗ, ಪುಕ್ಕಟೆ ಕುಡಿದ ಆ ಜನ ಚರ್ಚಿನಲ್ಲಿ ಕೂಗುವಂತೆಯೇ ಕೂಗುತ್ತಾರೆ.